ಸೂರ್ಯನ ನೆರೆಯ ಪುರಾತನ, ಲೋಹವಿರಳ ನಕ್ಷತ್ರಗಳನ್ನು ಹುಡುಕುವುದು ಹೇಗೆ?

ನಕ್ಷತ್ರಗಳ ಸ್ಥಾನ, ದೂರ, ಚಲನೆಗಳನ್ನು ಅಳೆದ ಯುರೋಪಿನ ಗಾಯಾ ಉಪಗ್ರಹದ ದತ್ತಾಂಶ ಎಲ್ಲರಿಗೂ ಮುಕ್ತವಾಗಿದೆಯಲ್ಲ, ಅದರಿಂದ ನಾವೇ ಹಳೆಯ ನಕ್ಷತ್ರಗಳನ್ನು ಹೆಕ್ಕಬಹುದೇ ಎಂದು ಓದುಗರು ಪದೇ ಪದೇ ಕೇಳುತ್ತಾರೆ. ಖಂಡಿತ ಹೆಕ್ಕಬಹುದು. ಒಂದು ಸಾಧಾರಣ ಕಂಪ್ಯೂಟರ್, ಇಂಟರ್‌ನೆಟ್ ಮತ್ತು ಟಾಪ್‌ಕ್ಯಾಟ್ ಎಂಬ ಉಚಿತ ಕೋಷ್ಟಕ ತಂತ್ರಾಂಶ ಇದ್ದರೆ ಕೆಲಸದ ಮುಕ್ಕಾಲು ಪಾಲು ಮನೆಯಲ್ಲೇ ಮುಗಿಯುತ್ತದೆ. ಉಳಿದ ಕಾಲು ಪಾಲಿಗೆ ದೂರದರ್ಶಕ ಮತ್ತು ರೋಹಿತದರ್ಶಕ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ರೋಹಿತವಾಗಿ ತೋರಿಸುವ ಉಪಕರಣ) ಬೇಕು.

ಮೊದಲು ಎರಡು ಪದಗಳ ಅರ್ಥ ತಿಳಿದಿರಲಿ. ಖಗೋಳ ವಿಜ್ಞಾನಿಗಳು ಹೈಡ್ರೋಜನ್ ಮತ್ತು ಹೀಲಿಯಂ ಬಿಟ್ಟು ಮಿಕ್ಕೆಲ್ಲ ಧಾತುಗಳನ್ನೂ ‘ಲೋಹ’ ಎನ್ನುತ್ತಾರೆ. ಇಂಗಾಲ, ಆಮ್ಲಜನಕಗಳೂ ಅವರ ಲೆಕ್ಕದಲ್ಲಿ ಲೋಹಗಳೇ. ‘ಲೋಹಾಂಶ’ ಎಂಬುದು ಹೈಡ್ರೋಜನ್‌ಗೆ ಹೋಲಿಸಿದರೆ ಕಬ್ಬಿಣ ಎಷ್ಟಿದೆ ಎಂಬುದನ್ನು ಲಾಗರಿದಂನಲ್ಲಿ ಹೇಳುವ ಅಂಕಿ. ಸೂರ್ಯನದು 0. −1 ಎಂದರೆ ಸೂರ್ಯನ ಹತ್ತನೇ ಒಂದು ಭಾಗ, −2 ಎಂದರೆ ನೂರನೇ ಒಂದು ಭಾಗ. ಈ ಧಾತುಗಳು ನಕ್ಷತ್ರಗಳ ಒಡಲಲ್ಲೇ ಹುಟ್ಟಿ, ಅವು ಸತ್ತಾಗ ಹೊರಗೆ ಚೆಲ್ಲಿ, ಮುಂದಿನ ಪೀಳಿಗೆಗೆ ಸೇರುತ್ತಾ ಬಂದವು. ಆದ್ದರಿಂದ ಲೋಹ ಕಡಿಮೆಯಿರುವ ನಕ್ಷತ್ರ ಸಾಮಾನ್ಯವಾಗಿ ಆಕಾಶಗಂಗೆಯ ಎಳೆಯ ದಿನಗಳದು.

ಹತ್ತಿರದಲ್ಲೇ ಏಕೆ ಹುಡುಕಬೇಕು? ಅಷ್ಟು ಹಿಂದೆ ಹುಟ್ಟಿ ಇಂದಿಗೂ ಉರಿಯುತ್ತಿರುವುದು ಸೂರ್ಯನ ದ್ರವ್ಯರಾಶಿಯ ಸುಮಾರು 0.8 ಪಟ್ಟು ಅಥವಾ ಅದಕ್ಕಿಂತ ಕಡಿಮೆ ತೂಗುವ ನಕ್ಷತ್ರಗಳು ಮಾತ್ರ. ಅವುಗಳಲ್ಲಿ ಹೆಚ್ಚಿನವು ಮಂಕು ಕುಬ್ಜಗಳು. ಕೆಲವು ನೂರು ಜ್ಯೋತಿರ್ವರ್ಷ ದಾಟಿದರೆ ಅವುಗಳ ಬೆಳಕು ಕೈಗೆ ಸಿಗುವುದಿಲ್ಲ. ಸೂರ್ಯನ ಸುತ್ತಮುತ್ತ ಇರುವ ಸಾವಿರ ನಕ್ಷತ್ರಗಳಲ್ಲಿ ಇಂಥವು ಬೆರಳೆಣಿಕೆಯಷ್ಟೇ. ಹಾಗಾಗಿ ಇದು ಜೊಳ್ಳು ತೂರಿ ಕಾಳು ಉಳಿಸುವ ಕೆಲಸ. ಜರಡಿ ಒಂದಲ್ಲ, ನಾಲ್ಕೈದು ಬೇಕು. ಪ್ರತಿ ಜರಡಿಯ ತೂತೂ ಬೇರೆ ಜಾಗದಲ್ಲಿರುತ್ತದೆ. ಒಂದನ್ನೇ ನಂಬಿದವರು ಕಾಳನ್ನೂ ಚೆಲ್ಲಿಕೊಳ್ಳುತ್ತಾರೆ.

ಹಂತ 1: ಪರೀಕ್ಷಾ ನಕ್ಷತ್ರಗಳನ್ನು ಗುರುತು ಹಾಕಿಕೊಳ್ಳಿ

ಹುಡುಕಾಟ ಶುರು ಮಾಡುವ ಮುನ್ನ ಉತ್ತರ ಗೊತ್ತಿರುವ ನಾಲ್ಕು ನಕ್ಷತ್ರಗಳನ್ನು ಬರೆದಿಟ್ಟುಕೊಳ್ಳಿ. ಪ್ರತಿ ಜರಡಿಯ ನಂತರ ಇವು ಉಳಿದವೇ, ಬಿದ್ದವೇ ಎಂದು ನೋಡಬೇಕು. ಈ ಹಂತವನ್ನು ಬಹಳ ಮಂದಿ ಬಿಡುತ್ತಾರೆ. ಆಮೇಲೆ ತಮ್ಮ ಪಟ್ಟಿ ಏಕೆ ಬರಿದಾಯಿತೆಂದು ಅವರಿಗೇ ತಿಳಿಯುವುದಿಲ್ಲ.

- ಕಾಪ್ಟೈನ್ ನಕ್ಷತ್ರ: 12.8 ಜ್ಯೋತಿರ್ವರ್ಷ ದೂರ, ಲೋಹಾಂಶ ಸುಮಾರು −0.9. ಕೆಂಪು ಉಪಕುಬ್ಜ, ಅಂದರೆ ಅದೇ ಬಣ್ಣದ ಸಾಧಾರಣ ಕುಬ್ಜಕ್ಕಿಂತ ಮಂಕಾದ ಲೋಹವಿರಳ ನಕ್ಷತ್ರ.
- ಗ್ರೂಂಬ್ರಿಜ್ 1830: ಸುಮಾರು 30 ಜ್ಯೋತಿರ್ವರ್ಷ, ಲೋಹಾಂಶ ಸುಮಾರು −1.3.
- ಎಚ್‌ಡಿ 140283: ಸುಮಾರು 200 ಜ್ಯೋತಿರ್ವರ್ಷ, ಲೋಹಾಂಶ ಸುಮಾರು −2.4. ತುಲಾ ರಾಶಿಯಲ್ಲಿದೆ.
- ಬರ್ನಾರ್ಡ್ ನಕ್ಷತ್ರ: ಇದು ನಮಗೆ ಬೇಡದ್ದು. ಆಕಾಶದಲ್ಲಿ ಎಲ್ಲಕ್ಕಿಂತ ವೇಗವಾಗಿ ಸರಿಯುವಂತೆ ಕಾಣುತ್ತದೆ, ಆದರೆ ಅದಕ್ಕೆ ಕಾರಣ ಅದು ತೀರಾ ಹತ್ತಿರವಿರುವುದು. ಜರಡಿ ಇದನ್ನು ಹೊರಹಾಕಬೇಕು.

ಹಂತ 2: ದತ್ತಾಂಶ ಇಳಿಸಿಕೊಳ್ಳಿ

2022ರ ಜೂನ್ 13ರಂದು ಹೊರಬಂದ ಗಾಯಾದ ಮೂರನೇ ಬಿಡುಗಡೆಯಲ್ಲಿ ಸುಮಾರು 180 ಕೋಟಿ ಆಕಾಶಕಾಯಗಳಿವೆ. ಗಾಯಾ ಆರ್ಕೈವ್‌ನಲ್ಲಿ ಉಚಿತ ಖಾತೆ ತೆರೆದು, ಪ್ಯಾರಲಾಕ್ಸ್ 10 ಮಿಲಿ ಆರ್ಕ್‌ಸೆಕೆಂಡಿಗಿಂತ ಹೆಚ್ಚಿರುವ ಸಾಲುಗಳನ್ನು ಮಾತ್ರ ಕೇಳಿ. ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ, ಮಿಲಿ ಆರ್ಕ್‌ಸೆಕೆಂಡ್ ಅದರ ಸಾವಿರನೇ ಒಂದು ಭಾಗ. ಪ್ಯಾರಲಾಕ್ಸ್ ಎಂದರೆ ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಅತ್ತಿತ್ತ ಜರುಗಿದಂತೆ ಕಾಣುವ ಕೋನದ ಅರ್ಧ. 1000 ಅನ್ನು ಅದರಿಂದ (ಮಿಲಿ ಆರ್ಕ್‌ಸೆಕೆಂಡುಗಳಲ್ಲಿ) ಭಾಗಿಸಿದರೆ ದೂರ ಪಾರ್ಸೆಕ್‌ಗಳಲ್ಲಿ ಸಿಗುತ್ತದೆ. ಒಂದು ಪಾರ್ಸೆಕ್ ಎಂದರೆ 3.26 ಜ್ಯೋತಿರ್ವರ್ಷ. ಹಾಗಾಗಿ 10 ಎಂಬ ಮಿತಿ ನಿಮಗೆ 100 ಪಾರ್ಸೆಕ್ ತ್ರಿಜ್ಯದ ನೆರೆಹೊರೆಯನ್ನು ಕೊಡುತ್ತದೆ.

ಬೇಕಾದ ಕಾಲಂಗಳು: ಗುರುತು ಸಂಖ್ಯೆ, ಸ್ಥಾನ, ಪ್ಯಾರಲಾಕ್ಸ್ ಮತ್ತು ಅದರ ದೋಷ, ಎರಡೂ ದಿಕ್ಕಿನ ಸ್ವಚಲನೆ, ಜಿ, ಬಿಪಿ ಮತ್ತು ಆರ್‌ಪಿ ಕಾಂತಿಮಾನಗಳು (ಬೆಳಗುವಿಕೆಯ ಅಳತೆ, ಅಂಕಿ ಹೆಚ್ಚಾದಷ್ಟೂ ನಕ್ಷತ್ರ ಮಂಕು), ಬಿಪಿ-ಆರ್‌ಪಿ ಅಧಿಕತೆಯ ಅಂಶ, ಆರ್‌ಯುಡಬ್ಲ್ಯೂಇ, ಇದ್ದರೆ ದೃಷ್ಟಿರೇಖೆಯ ವೇಗ. ಬಿಪಿ ಎಂದರೆ ನೀಲಿ ಕಡೆಯ ಅಳತೆ, ಆರ್‌ಪಿ ಕೆಂಪು ಕಡೆಯದು, ಜಿ ಎರಡನ್ನೂ ಒಳಗೊಂಡ ಅಗಲ ಪಟ್ಟಿ.

ಮೊದಲ ಸಲ ಮಾಡುವವರು 2021ರಲ್ಲಿ ಪ್ರಕಟವಾದ ಗಾಯಾ ಸಮೀಪ ನಕ್ಷತ್ರಗಳ ಪಟ್ಟಿಯಿಂದಲೇ ಶುರು ಮಾಡುವುದು ಒಳ್ಳೆಯದು. 100 ಪಾರ್ಸೆಕ್ ಒಳಗಿನ 3,31,312 ಕಾಯಗಳು ಅದರಲ್ಲಿವೆ, ಸುಳ್ಳು ಪ್ಯಾರಲಾಕ್ಸ್‌ಗಳನ್ನು ತಜ್ಞರೇ ಬಹುಮಟ್ಟಿಗೆ ತೆಗೆದುಹಾಕಿದ್ದಾರೆ.

ಎಚ್ಚರಿಕೆ: ಗುರುತು ಸಂಖ್ಯೆ 18–19 ಅಂಕಿಗಳಷ್ಟು ಉದ್ದ ಇರುತ್ತದೆ. ಇದನ್ನು ಸ್ಪ್ರೆಡ್‌ಶೀಟ್‌ನಲ್ಲಿ ತೆರೆದರೆ 15 ಅಂಕಿಗಳ ನಂತರದ್ದೆಲ್ಲ ಸೊನ್ನೆಯಾಗುತ್ತದೆ. ಉಳಿಸಿದ ಕ್ಷಣಕ್ಕೇ ನಿಮ್ಮ ನಕ್ಷತ್ರಗಳ ಗುರುತು ಕಳೆದುಹೋಯಿತು ಎಂದೇ ಲೆಕ್ಕ. ಕಡತವನ್ನು ವಿಒಟೇಬಲ್ ಅಥವಾ ಫಿಟ್ಸ್ ರೂಪದಲ್ಲೇ ಇಟ್ಟುಕೊಳ್ಳಿ.

ಹಂತ 3: ಕಸ ತೆಗೆಯಿರಿ

ಪ್ಯಾರಲಾಕ್ಸ್ ಅದರ ದೋಷದ 10 ಪಟ್ಟಾದರೂ ಇರಬೇಕು. ಗಾಯಾದ ದೋಷ 17ನೇ ಕಾಂತಿಮಾನದಲ್ಲಿ ಸುಮಾರು 0.07 ಮಿಲಿ ಆರ್ಕ್‌ಸೆಕೆಂಡ್, 20ರಲ್ಲಿ ಸುಮಾರು 0.5. ಎಂದರೆ 20ನೇ ಕಾಂತಿಮಾನದ ಮಂಕು ನಕ್ಷತ್ರ 200 ಪಾರ್ಸೆಕ್‌ಗಿಂತ ಆಚೆಗಿದ್ದರೆ ಈ ಮಿತಿಯನ್ನು ದಾಟಲಾರದು. ನಿಮ್ಮ ಹುಡುಕಾಟದ ಎಲ್ಲೆಯನ್ನು ಇದೇ ಲೆಕ್ಕ ಗೊತ್ತು ಮಾಡುತ್ತದೆ.

ಆರ್‌ಯುಡಬ್ಲ್ಯೂಇ ಎಂಬುದು ಒಂಟಿ ನಕ್ಷತ್ರದ ಮಾದರಿಗೆ ಅಳತೆಗಳು ಎಷ್ಟು ಹೊಂದಿಕೊಂಡಿವೆ ಎಂದು ಹೇಳುವ ಅಂಕಿ. 1ರ ಆಸುಪಾಸು ಇದ್ದರೆ ಸರಿ, 1.4 ದಾಟಿದರೆ ಅನುಮಾನಿಸಿ. ಆದರೆ ದಾಟಿದ್ದನ್ನೆಲ್ಲ ಅಳಿಸಬೇಡಿ. ನಿಜವಾದ ಜೋಡಿ ನಕ್ಷತ್ರಗಳೂ ಇಲ್ಲೇ ಸಿಕ್ಕಿಬೀಳುತ್ತವೆ. ಅವನ್ನು ಬೇರೆ ಕಡತಕ್ಕೆ ಹಾಕಿ.

ಈ ಹಂತದಲ್ಲಿ ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಬಿಪಿ ಅಳತೆ. ಬಿಪಿ ಕಾಂತಿಮಾನ 20ರ ಆಚೆ ಹೋದಂತೆ ಮಂಕು ಕೆಂಪು ನಕ್ಷತ್ರಗಳ ನೀಲಿ ಬೆಳಕು ಇರುವುದಕ್ಕಿಂತ ಹೆಚ್ಚು ದಾಖಲಾಗುತ್ತದೆ. ನಕ್ಷತ್ರ ನಿಜಕ್ಕಿಂತ ನೀಲಿಯಾಗಿ ತೋರುತ್ತದೆ, ಹಂತ 5ರಲ್ಲಿ ಬರುವ ಬಣ್ಣ-ಕಾಂತಿ ನಕ್ಷೆಯಲ್ಲಿ ಎಡಕ್ಕೆ ಸರಿದು ಥೇಟ್ ಉಪಕುಬ್ಜದಂತೆ ನಿಲ್ಲುತ್ತದೆ. ಅಲ್ಲಿ ಸಾಲುಗಟ್ಟಿದ ‘ಪುರಾತನ ನಕ್ಷತ್ರ’ಗಳನ್ನು ಕಂಡು ಹಿಗ್ಗಬೇಡಿ. ಮಂಕು ನಕ್ಷತ್ರಗಳಿಗೆ ಬಣ್ಣವನ್ನು ಬಿಪಿ ಕಳೆ ಆರ್‌ಪಿ ಬದಲು ಜಿ ಕಳೆ ಆರ್‌ಪಿ ಎಂದು ತೆಗೆದುಕೊಂಡು ಮತ್ತೆ ನೋಡಿ. ನಿಜವಾದದ್ದು ಎರಡೂ ನಕ್ಷೆಯಲ್ಲಿ ಕೆಳಗೇ ಇರುತ್ತದೆ.

ಹಂತ 4: ಅಡ್ಡ ವೇಗ ಲೆಕ್ಕ ಹಾಕಿ

ಸ್ವಚಲನೆ ಎಂದರೆ ನಕ್ಷತ್ರ ಆಕಾಶದಲ್ಲಿ ವರ್ಷಕ್ಕೆ ಎಷ್ಟು ಕೋನ ಸರಿಯುತ್ತದೆ ಎಂಬುದು. ಎರಡು ದಿಕ್ಕಿನ ಸ್ವಚಲನೆಗಳನ್ನು ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಿರಿ. ನಂತರ:

ಅಡ್ಡ ವೇಗ (ಸೆಕೆಂಡಿಗೆ ಕಿ.ಮೀ.) = 4.74 × ಸ್ವಚಲನೆ ÷ ಪ್ಯಾರಲಾಕ್ಸ್

ಎರಡೂ ಮಿಲಿ ಆರ್ಕ್‌ಸೆಕೆಂಡ್ ಲೆಕ್ಕದಲ್ಲಿರಲಿ. ಗಾಯಾ ಕೊಡುವ ಪೂರ್ವ-ಪಶ್ಚಿಮ ದಿಕ್ಕಿನ ಸ್ವಚಲನೆಯಲ್ಲಿ ಕೊಸೈನ್ ಗುಣಾಕಾರ ಆಗಲೇ ಸೇರಿದೆ. ನೀವು ಮತ್ತೊಮ್ಮೆ ಗುಣಿಸಿದರೆ ಧ್ರುವದ ಕಡೆಯ ನಕ್ಷತ್ರಗಳ ವೇಗ ಕುಸಿದುಬಿಡುತ್ತದೆ.

ಸೂರ್ಯನೂ ಅವನ ಒಡನಾಡಿಗಳೂ ಆಕಾಶಗಂಗೆಯ ತಟ್ಟೆಯಲ್ಲಿ ಒಂದೇ ದಿಕ್ಕಿಗೆ ಸುತ್ತುತ್ತಿದ್ದಾರೆ, ಹಾಗಾಗಿ ಪರಸ್ಪರ ವೇಗ ಕಡಿಮೆ. ತಟ್ಟೆಯನ್ನು ಆವರಿಸಿರುವ ಪ್ರಭಾವಲಯದ ಹಳೆಯ ನಕ್ಷತ್ರಗಳು ಆ ಸುತ್ತಾಟದಲ್ಲಿ ಪಾಲ್ಗೊಳ್ಳುವುದಿಲ್ಲ. ಅವು ನಮ್ಮನ್ನು ಅಡ್ಡ ಹಾಯ್ದು ಹೋಗುವಾಗ ಭಾರೀ ವೇಗದಲ್ಲಿರುವಂತೆ ಕಾಣುತ್ತವೆ. ಅಡ್ಡ ವೇಗ 200 ಕಿ.ಮೀ. ದಾಟಿದರೆ ಪ್ರಭಾವಲಯದ ನಕ್ಷತ್ರ ಎನ್ನುವುದು ವಾಡಿಕೆ.

ಈಗ ಪರೀಕ್ಷಾ ನಕ್ಷತ್ರಗಳನ್ನು ಹಾಕಿ ನೋಡಿ. ಗ್ರೂಂಬ್ರಿಜ್ 1830ಕ್ಕೆ ಸುಮಾರು 307 ಬರುತ್ತದೆ, ಎಚ್‌ಡಿ 140283ಕ್ಕೆ ಸುಮಾರು 337. ಎರಡೂ ಪಾಸು. ಬರ್ನಾರ್ಡ್ ನಕ್ಷತ್ರಕ್ಕೆ ಬರೀ 90, ಬಿದ್ದಿತು, ಸರಿಯಾಗಿಯೇ. ಆದರೆ ಕಾಪ್ಟೈನ್ ನಕ್ಷತ್ರ? 4.74 × 8644 ÷ 254.2, ಅಂದರೆ ಸುಮಾರು 161. ಸೂರ್ಯನಿಗೆ ಅತ್ಯಂತ ಹತ್ತಿರದ ಪ್ರಭಾವಲಯದ ನಕ್ಷತ್ರವೇ ನಿಮ್ಮ ಜರಡಿಯಿಂದ ಜಾರಿಹೋಯಿತು! ಕಾರಣ ಸರಳ: ಅದು ಸೆಕೆಂಡಿಗೆ 245 ಕಿ.ಮೀ. ವೇಗದಲ್ಲಿ ನಮ್ಮಿಂದ ನೇರ ದೂರ ಹೋಗುತ್ತಿದೆ, ಆ ಪಾಲು ಅಡ್ಡ ವೇಗದಲ್ಲಿ ಕಾಣುವುದೇ ಇಲ್ಲ. ಎರಡನ್ನೂ ಸೇರಿಸಿದರೆ ಒಟ್ಟು ವೇಗ ಸುಮಾರು 293.

ಆದ್ದರಿಂದ ಎರಡು ಪಟ್ಟಿ ಮಾಡಿ. 200 ದಾಟಿದವು ಮೊದಲ ಪಟ್ಟಿಗೆ. 100ರಿಂದ 200ರ ನಡುವಿನವು ಎರಡನೇ ಪಟ್ಟಿಗೆ. ಮುಂದಿನ ಹಂತದಲ್ಲಿ ಪಾಸಾದರೆ ಮಾತ್ರ ಇವನ್ನು ಉಳಿಸಿಕೊಳ್ಳಬೇಕು.

ವೇಗವೊಂದೇ ಲೋಹವಿರಳತೆಯ ಸಾಕ್ಷಿಯೂ ಅಲ್ಲ. ಅಡ್ಡ ವೇಗ 200 ದಾಟಿದ ನಕ್ಷತ್ರಗಳನ್ನೆಲ್ಲ ನಕ್ಷೆಯಲ್ಲಿ ಇಟ್ಟಾಗ ಎರಡು ಪ್ರತ್ಯೇಕ ಸಾಲುಗಳು ಕಾಣುತ್ತವೆ ಎಂದು 2018ರಲ್ಲಿ ಗಾಯಾ ತಂಡವೇ ತೋರಿಸಿತು. ನೀಲಿ ಕಡೆಯ ಸಾಲಿನ ಬಹುಪಾಲು, ಹಿಂದೊಮ್ಮೆ ಆಕಾಶಗಂಗೆಯೊಳಗೆ ಬಿದ್ದು ಕರಗಿಹೋದ ಗಾಯಾ-ಎನ್ಸೆಲಾಡಸ್ ಎಂಬ ಪುಟ್ಟ ಗೆಲಾಕ್ಸಿಯದು. ಕೆಂಪು ಕಡೆಯ ಸಾಲು ಆ ಡಿಕ್ಕಿಯಲ್ಲಿ ಚೆಲ್ಲಾಪಿಲ್ಲಿಯಾದ ನಮ್ಮದೇ ದಪ್ಪ ತಟ್ಟೆಯ ನಕ್ಷತ್ರಗಳದು. ಅವುಗಳಲ್ಲಿ ಲೋಹ ಅಷ್ಟೇನೂ ಕಡಿಮೆಯಿಲ್ಲ.

ಹಂತ 5: ಬಣ್ಣ-ಕಾಂತಿ ನಕ್ಷೆಯಲ್ಲಿ ಇಡಿ

ನಿರಪೇಕ್ಷ ಕಾಂತಿಮಾನ ಎಂದರೆ ನಕ್ಷತ್ರವನ್ನು 10 ಪಾರ್ಸೆಕ್ ದೂರದಲ್ಲಿಟ್ಟರೆ ಎಷ್ಟು ಬೆಳಗುತ್ತಿತ್ತು ಎಂಬುದು:

ನಿರಪೇಕ್ಷ ಕಾಂತಿಮಾನ = ಜಿ + 5 × ಲಾಗ್ (ಪ್ಯಾರಲಾಕ್ಸ್) − 10

ಅಡ್ಡಕ್ಕೆ ಬಣ್ಣ, ಲಂಬಕ್ಕೆ ನಿರಪೇಕ್ಷ ಕಾಂತಿಮಾನ ಇಟ್ಟರೆ ಹೆಚ್ಚಿನ ನಕ್ಷತ್ರಗಳು ಮುಖ್ಯ ಸರಣಿ ಎಂಬ ಓರೆ ಪಟ್ಟಿಯಲ್ಲಿ ಕೂರುತ್ತವೆ. ಲೋಹವಿರಳ ಕುಬ್ಜಗಳು ಅದಕ್ಕಿಂತ ಕೆಳಗೆ ಬೀಳುತ್ತವೆ. ಲೋಹಗಳು ನಕ್ಷತ್ರದೊಳಗಿನಿಂದ ಬರುವ ಬೆಳಕಿಗೆ ಅಡ್ಡಿ ಮಾಡುತ್ತವೆ, ನೀಲಿ ಕಡೆಯ ಬೆಳಕನ್ನು ವಿಶೇಷವಾಗಿ ನುಂಗುತ್ತವೆ. ಅವಿಲ್ಲದಿದ್ದಾಗ ಅಷ್ಟೇ ದ್ರವ್ಯರಾಶಿಯ ನಕ್ಷತ್ರ ಪುಟ್ಟದಾಗಿ, ಬಿಸಿಯಾಗಿ, ನೀಲಿಯಾಗಿ ಇರುತ್ತದೆ. ಒಂದೇ ಬಣ್ಣದ ಎರಡನ್ನು ಹೋಲಿಸಿದರೆ ಲೋಹವಿರಳವಾದದ್ದು ಒಂದೆರಡು ಕಾಂತಿಮಾನದಷ್ಟು ಮಂಕು. 1939ರಲ್ಲಿ ಖಗೋಳ ವಿಜ್ಞಾನಿ ಕೈಪರ್ ಇವಕ್ಕೆ ಉಪಕುಬ್ಜ ಎಂಬ ಅರ್ಥದ ಹೆಸರಿಟ್ಟರು.

ಗೆರೆಯನ್ನು ಎಲ್ಲಿಂದಲೋ ನಕಲು ಮಾಡುವುದಕ್ಕಿಂತ ನಿಮ್ಮ ದತ್ತಾಂಶದಿಂದಲೇ ಎಳೆಯಿರಿ. ಪ್ಯಾರಲಾಕ್ಸ್ 20ಕ್ಕಿಂತ ಹೆಚ್ಚು, ಅಡ್ಡ ವೇಗ 40ಕ್ಕಿಂತ ಕಡಿಮೆ ಇರುವ ಮುಖ್ಯ ಸರಣಿಯ ನಕ್ಷತ್ರಗಳನ್ನು ಆರಿಸಿ, ಬಣ್ಣವನ್ನು 0.1ರ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನ ಮಧ್ಯಾಂಕ ತೆಗೆಯಿರಿ. ಆ ಗೆರೆಗಿಂತ 0.6 ಕಾಂತಿಮಾನಕ್ಕಿಂತ ಹೆಚ್ಚು ಕೆಳಗಿದ್ದು, 4ಕ್ಕಿಂತ ಮೇಲೇ ಉಳಿದವು ನಿಮ್ಮ ಅಭ್ಯರ್ಥಿಗಳು. ಇನ್ನೂ ಕೆಳಗಿರುವವು ಶ್ವೇತ ಕುಬ್ಜಗಳು.

ಇಲ್ಲಿ ಮೂರು ಗುಂಡಿಗಳಿವೆ. ಒಂದು, ಶ್ವೇತ ಕುಬ್ಜ ಮತ್ತು ಕೆಂಪು ಕುಬ್ಜ ಜೋಡಿಯಾಗಿದ್ದರೆ ಬೆಳಕು ಬೆರೆತು ಎರಡೂ ಸಾಲುಗಳ ನಡುವೆ, ಸರಿಯಾಗಿ ಉಪಕುಬ್ಜಗಳ ಜಾಗದಲ್ಲೇ ಕೂರುತ್ತದೆ. ನೇರಳಾತೀತದಲ್ಲಿ ಜೋರಾಗಿ ಹೊಳೆಯುತ್ತಿದ್ದರೆ ಅದನ್ನು ಬಿಟ್ಟುಬಿಡಿ. ಗ್ಯಾಲೆಕ್ಸ್ ಉಪಗ್ರಹದ ಪಟ್ಟಿ ಇದಕ್ಕೆ ನೆರವಾಗುತ್ತದೆ. ಎರಡು, ಧೂಳು. ಅದು ನಕ್ಷತ್ರವನ್ನು ಮಂಕಾಗಿಸುವುದರ ಜೊತೆಗೆ ಕೆಂಪಾಗಿಸುತ್ತದೆ, ಕೆಂಪಾದದ್ದು ಮುಖ್ಯ ಸರಣಿಯ ಕಡೆಗೆ ಸರಿದು ಉಪಕುಬ್ಜತನ ಮರೆಯಾಗುತ್ತದೆ. 100 ಪಾರ್ಸೆಕ್ ಒಳಗೆ ಇದರ ಚಿಂತೆ ಅಷ್ಟಿಲ್ಲ. 200 ದಾಟಿದ ಮೇಲೆ, ಅದರಲ್ಲೂ ಆಕಾಶಗಂಗೆಯ ಪಟ್ಟಿಯೊಳಗೆ, ಧೂಳಿನ ನಕ್ಷೆ ನೋಡಿ ತಿದ್ದಲೇಬೇಕು. ಮೂರನೆಯದು ದೊಡ್ಡದು. ಎಚ್‌ಡಿ 140283 ಈ ಜರಡಿಯಲ್ಲಿ ಬಿದ್ದುಹೋಗುತ್ತದೆ. ಅದು ಮುಖ್ಯ ಸರಣಿ ಬಿಟ್ಟು ಉಬ್ಬಲು ಶುರು ಮಾಡಿದ ಉಪದೈತ್ಯ, ನಿರಪೇಕ್ಷ ಕಾಂತಿಮಾನ ಸುಮಾರು 3.3, ಸರಣಿಗಿಂತ ಕೆಳಗಲ್ಲ, ಮೇಲಿದೆ. ವಯಸ್ಸನ್ನು ನೇರವಾಗಿ ಅಂದಾಜು ಮಾಡಲು ಉಪದೈತ್ಯಗಳಷ್ಟು ಒಳ್ಳೆಯವು ಬೇರಿಲ್ಲ, ಹಾಗಾಗಿ ಅಡ್ಡ ವೇಗ 200 ದಾಟಿದ್ದರೆ ಸರಣಿಯ ಮೇಲಿದ್ದರೂ ಉಳಿಸಿಕೊಳ್ಳಿ. ಕೆಂಪು ಉಪಕುಬ್ಜಗಳು ಶತಕೋಟಿಗಟ್ಟಲೆ ವರ್ಷ ಇದ್ದಲ್ಲೇ ಇರುತ್ತವೆ, ನಕ್ಷೆ ನೋಡಿ ಅವುಗಳ ವಯಸ್ಸು ಹೇಳಲಾಗದು.

ಪ್ಯಾರಲಾಕ್ಸ್ ಚೆನ್ನಾಗಿಲ್ಲದ ಮಂಕು ನಕ್ಷತ್ರಗಳಿಗೆ ನಿರಪೇಕ್ಷ ಕಾಂತಿಮಾನದ ಬದಲು ‘ಸಂಕ್ಷಿಪ್ತ ಸ್ವಚಲನೆ’ ಬಳಸಿ: ಅದೇ ಸೂತ್ರದಲ್ಲಿ ಪ್ಯಾರಲಾಕ್ಸ್ ಜಾಗಕ್ಕೆ ಸ್ವಚಲನೆ ಹಾಕಿದರಾಯಿತು. ಅಷ್ಟೇ ಕಾಂತಿಯ ನಕ್ಷತ್ರಗಳಲ್ಲಿ 300 ಕಿ.ಮೀ. ವೇಗದ್ದು 40 ಕಿ.ಮೀ. ವೇಗದ್ದಕ್ಕಿಂತ 4.4ರಷ್ಟು ಕೆಳಗೆ ಕೂರುತ್ತದೆ.

ಹಂತ 6: ಹಳೆಯ ಚಿತ್ರಗಳೊಂದಿಗೆ ತಾಳೆ ನೋಡಿ

ಗಾಯಾ ಮೂರನೇ ಬಿಡುಗಡೆಯ ಸ್ಥಾನಗಳು 2016ರ ಆರಂಭಕ್ಕೆ ಸೇರಿದವು. ಅತಿಗೆಂಪಿನ ಅಳತೆಗಳಿಗಾಗಿ ನೀವು ಬಳಸುವ ಟೂಮಾಸ್ ಸಮೀಕ್ಷೆ 1997ರಿಂದ 2001ರ ನಡುವಿನದು. ವರ್ಷಕ್ಕೆ 1 ಆರ್ಕ್‌ಸೆಕೆಂಡ್ ಸರಿಯುವ ನಕ್ಷತ್ರ ಈ ಅವಧಿಯಲ್ಲಿ 16 ಆರ್ಕ್‌ಸೆಕೆಂಡ್ ಸರಿದಿರುತ್ತದೆ, ಕಾಪ್ಟೈನ್ ನಕ್ಷತ್ರವಾದರೆ ಎರಡು ಆರ್ಕ್‌ಮಿನಿಟ್‌ಗಿಂತ ಹೆಚ್ಚು. 2 ಆರ್ಕ್‌ಸೆಕೆಂಡ್ ವೃತ್ತದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಇನ್ನೂ ಕೆಟ್ಟದೆಂದರೆ, ಯಾವುದೋ ಹಿನ್ನೆಲೆಯ ನಕ್ಷತ್ರ ಸಿಕ್ಕಿ ಅದರ ಬಣ್ಣವನ್ನು ನಿಮ್ಮದೆಂದು ಬರೆದುಕೊಳ್ಳುತ್ತೀರಿ. ಮೊದಲು ಗಾಯಾ ಸ್ಥಾನವನ್ನು ಸ್ವಚಲನೆ ಬಳಸಿ 2000ನೇ ಇಸವಿಗೆ ಹಿಂದಕ್ಕೆ ಒಯ್ಯಿರಿ, ಆಮೇಲೆ ಹೊಂದಿಸಿ.

ಇದೇ ಚಲನೆ ನಿಮಗೆ ಪುರಾವೆಯೂ ಹೌದು. ಆಕಾಶದ ಚಿತ್ರಗಳನ್ನು ತೋರಿಸುವ ಅಲಾಡಿನ್ ತಂತ್ರಾಂಶದಲ್ಲಿ 1950ರ ದಶಕದ ಛಾಯಾಫಲಕಗಳನ್ನೂ ಇತ್ತೀಚಿನ ಚಿತ್ರವನ್ನೂ ಒಂದಾದ ಮೇಲೊಂದು ಮಿಟುಕಿಸಿ ನೋಡಿ. ವೇಗದ ನಕ್ಷತ್ರ ಜಿಗಿಯಬೇಕು. ಜಿಗಿಯದಿದ್ದರೆ ಆ ಸ್ವಚಲನೆ ಸುಳ್ಳು. ನಕ್ಷತ್ರ ಕಿಕ್ಕಿರಿದ ಆಕಾಶಗಂಗೆಯ ನಡುಭಾಗದ ಕಡೆ ಇಂಥ ಸುಳ್ಳುಗಳು ಹೆಚ್ಚು.

ಸಿಂಬಾದ್ ಎಂಬ ಆಕಾಶಕಾಯಗಳ ಆನ್‌ಲೈನ್ ಮಾಹಿತಿಕೋಶದಲ್ಲಿ ಪ್ರತಿ ಅಭ್ಯರ್ಥಿಯ ಹೆಸರನ್ನೂ ಹುಡುಕಿ. ಬಹಳಷ್ಟು ಈಗಾಗಲೇ ಗೊತ್ತಿರುವವೇ ಆಗಿರುತ್ತವೆ. ಅದರಿಂದ ಬೇಸರವಾಗಬೇಕಿಲ್ಲ, ನಿಮ್ಮ ಜರಡಿ ಸರಿಯಾಗಿದೆ ಎಂದರ್ಥ.

ಹಂತ 7: ಮೂರನೇ ಆಯಾಮದ ವೇಗ ಸೇರಿಸಿ

ದೃಷ್ಟಿರೇಖೆಯ ವೇಗ ಎಂದರೆ ನಮ್ಮ ಕಡೆಗೆ ಅಥವಾ ನಮ್ಮಿಂದ ಆಚೆಗೆ ನೇರವಾಗಿರುವ ವೇಗ. ಗಾಯಾ ಸುಮಾರು 3.3 ಕೋಟಿ ನಕ್ಷತ್ರಗಳಿಗೆ ಇದನ್ನು ಕೊಟ್ಟಿದೆ, ಆದರೆ ಪ್ರಕಾಶಮಾನವಾದವಕ್ಕೆ ಮಾತ್ರ. ಇದ್ದರೆ ಮೂರೂ ದಿಕ್ಕಿನ ವೇಗ ಲೆಕ್ಕ ಹಾಕಿ, ಸೂರ್ಯನ ಸ್ವಂತ ಚಲನೆಯನ್ನು ಸೇರಿಸಿ ತಿದ್ದಿ: ಆಕಾಶಗಂಗೆಯ ಕೇಂದ್ರದ ಕಡೆಗೆ 11.1, ಸುತ್ತುವ ದಿಕ್ಕಿಗೆ 12.24, ಆಕಾಶಗಂಗೆಯ ಉತ್ತರ ಧ್ರುವದ ಕಡೆಗೆ 7.25 ಕಿ.ಮೀ. ತಿದ್ದಿದ ಒಟ್ಟು ವೇಗ 180–220 ದಾಟಿದರೆ ಪ್ರಭಾವಲಯದ ನಕ್ಷತ್ರ ಎಂದು ಧೈರ್ಯವಾಗಿ ಬರೆಯಬಹುದು. ಪಕ್ಕದಲ್ಲಿ ಪ್ರಕಾಶಮಾನ ನಕ್ಷತ್ರವಿದ್ದರೆ ಅದರ ಬೆಳಕು ನುಗ್ಗಿ ಈ ಅಳತೆಯನ್ನೇ ಕೆಡಿಸಬಲ್ಲದು, ಸುತ್ತಮುತ್ತ ಒಮ್ಮೆ ನೋಡಿ.

ಹಂತ 8: ರೋಹಿತ ತೆಗೆಯಿರಿ

ಇಲ್ಲಿಯವರೆಗಿನದ್ದೆಲ್ಲ ಅನುಮಾನ, ರೋಹಿತ ಮಾತ್ರ ತೀರ್ಪು. ಗಾಯಾದ ಸುಮಾರು 22 ಕೋಟಿ ಕಿರು ರೋಹಿತಗಳಿಂದ ಲೋಹಾಂಶ ಅಂದಾಜು ಮಾಡಿದ ಪಟ್ಟಿಗಳಿವೆ. ಸೂರ್ಯನಂಥ ನಕ್ಷತ್ರಗಳಿಗೂ ದೈತ್ಯಗಳಿಗೂ ಅವು ಉಪಯುಕ್ತ. ಕೆಂಪು ಉಪಕುಬ್ಜಗಳಿಗೆ ಅವನ್ನು ನಂಬಬೇಡಿ.

ಸೂರ್ಯನಂಥ ನಕ್ಷತ್ರಗಳಲ್ಲಿ ನೋಡಬೇಕಾದ್ದು 3934 ಆಂಗ್‌ಸ್ಟ್ರಮ್‌ನ ಕ್ಯಾಲ್ಸಿಯಂ ಗೆರೆ (ಆಂಗ್‌ಸ್ಟ್ರಮ್ ಬೆಳಕಿನ ತರಂಗಾಂತರದ ಏಕಮಾನ) ಮತ್ತು 5167, 5173, 5184ರ ಮೆಗ್ನೀಸಿಯಂ ಗೆರೆಗಳು. ಮೊದಲು 4861ರ ಹೈಡ್ರೋಜನ್ ಗೆರೆಯಿಂದ ಅಥವಾ ಬಣ್ಣದಿಂದ ಉಷ್ಣತೆ ಗೊತ್ತು ಮಾಡಿಕೊಳ್ಳಿ. ಹೆಚ್ಚು ಬಿಸಿಯಾದ ನಕ್ಷತ್ರದಲ್ಲೂ ಲೋಹದ ಗೆರೆಗಳು ತೆಳುವಾಗುತ್ತವೆ, ಅದನ್ನು ಲೋಹವಿರಳತೆ ಎಂದು ತಪ್ಪು ತಿಳಿಯುವುದು ಸುಲಭ. ಕೈ ಪಳಗಿಸಲು ಗ್ರೂಂಬ್ರಿಜ್ 1830 (ಕಾಂತಿಮಾನ 6.4) ಮತ್ತು ಎಚ್‌ಡಿ 140283 (7.2) ಚಿಕ್ಕ ದೂರದರ್ಶಕಕ್ಕೂ ಎಟಕುತ್ತವೆ. ಪ್ರತಿಯೊಂದಕ್ಕೂ ಅದೇ ಉಷ್ಣತೆಯ ಸಾಧಾರಣ ನಕ್ಷತ್ರವೊಂದನ್ನು ಅದೇ ರಾತ್ರಿ ತೆಗೆದು ಪಕ್ಕದಲ್ಲಿಟ್ಟು ನೋಡಿ.

ಕೆಂಪು ಉಪಕುಬ್ಜಗಳಿಗೆ ವಿಧಾನ ಬೇರೆ. ಟೈಟಾನಿಯಂ ಆಕ್ಸೈಡ್ ಅಣುವಿನಲ್ಲಿ ಎರಡೂ ಪರಮಾಣು ಲೋಹಗಳು. ಕ್ಯಾಲ್ಸಿಯಂ ಹೈಡ್ರೈಡ್‌ನಲ್ಲಿ ಒಂದೇ. ಹಾಗಾಗಿ ಲೋಹ ಇಳಿದಂತೆ ಮೊದಲನೆಯದರ ಪಟ್ಟಿ ಬೇಗ ಮಸುಕಾಗುತ್ತದೆ, ಎರಡನೆಯದು ಗಟ್ಟಿಯಾಗಿ ಉಳಿಯುತ್ತದೆ. ಕ್ಯಾಲ್ಸಿಯಂ ಹೈಡ್ರೈಡ್ ಅನ್ನು 6814–6846 ಮತ್ತು 6960–6990 ಆಂಗ್‌ಸ್ಟ್ರಮ್‌ನಲ್ಲಿ, ಟೈಟಾನಿಯಂ ಆಕ್ಸೈಡ್ ಅನ್ನು 7126–7135ರಲ್ಲಿ ಅಳೆದು, 7042–7046ರ ಬೆಳಕಿನಿಂದ ಭಾಗಿಸುತ್ತಾರೆ. ಈ ಅಳತೆಗಳಿಂದ ಬರುವ ಝೀಟಾ ಎಂಬ ಅಂಕಿ 0.825ಕ್ಕಿಂತ ಕೆಳಗಿದ್ದರೆ ಉಪಕುಬ್ಜ, 0.5ಕ್ಕಿಂತ ಕೆಳಗೆ ತೀವ್ರ ಉಪಕುಬ್ಜ, 0.2ಕ್ಕಿಂತ ಕೆಳಗೆ ಅತಿತೀವ್ರ ಉಪಕುಬ್ಜ.

ಅಳೆಯುವ ಮುನ್ನ ರೋಹಿತವನ್ನು ನಕ್ಷತ್ರದ ವೇಗಕ್ಕೆ ತಕ್ಕಂತೆ ಸರಿಸಲೇಬೇಕು. 245 ಕಿ.ಮೀ. ವೇಗ 7000 ಆಂಗ್‌ಸ್ಟ್ರಮ್ ಹತ್ತಿರ ಸುಮಾರು 5.7 ಆಂಗ್‌ಸ್ಟ್ರಮ್ ಸರಿತ ತರುತ್ತದೆ. ಟೈಟಾನಿಯಂ ಕಿಂಡಿಯ (ಮೇಲೆ ಹೇಳಿದ 7126–7135ರ ವ್ಯಾಪ್ತಿ) ಅಗಲವೇ 9, ಭಾಜಕದ್ದು 4. ಸರಿಸದೆ ಅಳೆದರೆ ಪಕ್ಕದ ಕಿಂಡಿಯನ್ನು ಅಳೆದಂತೆ. 6867ರಿಂದ ಶುರುವಾಗುವ ಭೂಮಿಯ ವಾತಾವರಣದ ಆಮ್ಲಜನಕದ ಪಟ್ಟಿಯೂ ಎರಡು ಕ್ಯಾಲ್ಸಿಯಂ ಕಿಂಡಿಗಳ ನಡುವೆಯೇ ಇದೆ. ರೋಹಿತದರ್ಶಕದ ಬಿಡಿಸುವ ಶಕ್ತಿ ಕಡಿಮೆಯಿದ್ದರೆ ಅದು ಒಳಗೆ ಸುರಿಯುತ್ತದೆ.

ಬೆಳದಿಂಗಳ ರಾತ್ರಿ ಮಂಕು ಅಭ್ಯರ್ಥಿಗಳ ರೋಹಿತ ತೆಗೆಯಬೇಡಿ. ಬೆಳದಿಂಗಳೆಂದರೆ ಪ್ರತಿಫಲಿಸಿದ ಬಿಸಿಲು. ಹಿನ್ನೆಲೆಯನ್ನು ಸರಿಯಾಗಿ ಕಳೆಯದಿದ್ದರೆ ಸೂರ್ಯನ ಕ್ಯಾಲ್ಸಿಯಂ, ಕಬ್ಬಿಣದ ಗೆರೆಗಳು ನಿಮ್ಮ ನಕ್ಷತ್ರದ ರೋಹಿತದಲ್ಲಿ ಮೂಡಿ, ನಿಜವಾದ ಲೋಹವಿರಳ ನಕ್ಷತ್ರವೂ ಸಾಧಾರಣದಂತೆ ಕಾಣುತ್ತದೆ. ಅಮಾವಾಸ್ಯೆಯ ಆಸುಪಾಸಿನ ವಾರವನ್ನು ಮಂಕು ನಕ್ಷತ್ರಗಳಿಗೆ ಮೀಸಲಿಟ್ಟು, ಚಂದ್ರನಿರುವ ರಾತ್ರಿಗಳನ್ನು ಪರೀಕ್ಷಾ ನಕ್ಷತ್ರಗಳಿಗೆ ಬಿಡಿ.